ಎಪ್ಪತ್ತಾರು ಚಿಲ್ಲರೆ ವಿರೋಧ

ಸೆಕ್ರೆಟರಿಯ ಎಡಗಡೆ ಮೀಸೆ ಹೋಯ್ತಲ್ಲ, ಎಲ್ಲ ಶುರುವಾಗಿದ್ದು ಅಲ್ಲಿಂದ.

ಬೆಳಿಗ್ಗೆ ಏಳು ಗಂಟೆ. ಮೂರನೇ ಮಹಡಿಯಲ್ಲಿ ಸೆಕ್ರೆಟರಿ ಕನ್ನಡಿ ಮುಂದೆ ನಿಂತು, ಉಸಿರು ಬಿಗಿ ಹಿಡಿದು ಮೀಸೆಯ ತುದಿ ಕತ್ತರಿಸ್ತಾ ಇದ್ದರು. ಅದೇ ಹೊತ್ತಿಗೆ ಕೆಳಗಡೆ, ಮೆಟ್ಟಿಲ ಅಡಿಯಲ್ಲಿ, ಗೆರೆಯಣ್ಣ ತನ್ನ ಹೊಸ ಕರೆಂಟ್ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಹಾಕಿದ. ಬಚ್ಚಲಿನ ಬಲ್ಬು ಒಂದು ಸಲ ಕಣ್ಣು ಮುಚ್ಚಿ ಕಣ್ಣು ಬಿಡ್ತು. ಅಷ್ಟೇ. ಅಷ್ಟರಲ್ಲಿ ಇಪ್ಪತ್ತೆರಡು ವರ್ಷ ಎಣ್ಣೆ ತಿನ್ನಿಸಿ ಸಾಕಿದ್ದ ಮೀಸೆಯ ಎಡಭಾಗ ಬೇಸಿನ್ನಿನಲ್ಲಿ ಸತ್ತ ಜಿರಳೆ ಹಾಗೆ ಅಂಗಾತ ಬಿದ್ದಿತ್ತು.

ಈ ಸೆಕ್ರೆಟರಿ ಅಂದ್ರೆ ಸಾಮಾನ್ಯದೋರಲ್ಲ. ರೈಲಿನಲ್ಲಿ ಟಿಕೆಟ್ ಚೆಕ್ಕರ್ ಆಗಿದ್ದು ರಿಟೈರ್ ಆದವರು. ಕೆಲಸ ಬಿಟ್ಟಿದ್ರು, ನೋಟ ಬಿಟ್ಟಿರಲಿಲ್ಲ. ಎದುರು ಬಂದವನು ಯಾರೇ ಆಗ್ಲಿ, ಟಿಕೆಟ್ ಇಲ್ಲದೆ ಹತ್ತಿದವನು ಅನ್ನೋ ಹಾಗೆ ನೋಡೋರು. ಅವರು ಆ ಮೀಸೆ ಹೊತ್ತು ಮೆಟ್ಟಿಲಿಳಿದು ಬಂದ್ರೆ, ತೊಟ್ಟಿಲ ಮಗುವೂ ತನ್ನ ಟಿಕೆಟ್ ಹುಡುಕ್ತಿತ್ತು. ಹನ್ನೊಂದು ವರ್ಷದಿಂದ ಆ ಕಟ್ಟಡಕ್ಕೆ ಅವರೇ ಸೆಕ್ರೆಟರಿ. ಯಾಕೆ ಅಂತ ಕೇಳೋ ಧೈರ್ಯ ಯಾರಿಗೂ ಇರಲಿಲ್ಲ.

ಇನ್ನು ಗೆರೆಯಣ್ಣ. ಹೆತ್ತವರಿಟ್ಟ ಹೆಸರು ಬೇರೆ ಇತ್ತು, ಅದು ಅವನಿಗೇ ಮರೆತು ಹೋಗಿತ್ತು. ಪ್ಯಾಂಟಿಗೆ ಅವನು ಎಳೀತಿದ್ದ ಗೆರೆ ಅಂಥದ್ದು. ಒಂದು ಸಲ ಆ ಗೆರೆ ಮೇಲೆ ಸೊಳ್ಳೆ ಬಂದು ಕೂತಿತು, ಎದ್ದು ಹೋಗುವಾಗ ಎರಡು ಸೊಳ್ಳೆ ಆಗಿ ಹೋಯ್ತು. ಕೆಳಗಿನ ಒಂದೇ ಕೋಣೆಯಲ್ಲಿ ಹೆಂಡತಿ ಜೊತೆ ಇದ್ದ. ಕೋಣೆಯಲ್ಲಿ ಒಂದು ಬಲ್ಬು ಬಿಟ್ರೆ ಪ್ಲಗ್ ಇರಲಿಲ್ಲ. ಪ್ಲಗ್ ಇದ್ದದ್ದು ಮೆಟ್ಟಿಲ ಅಡಿಯಲ್ಲಿ, ಕಟ್ಟಡದ ಪ್ಲಗ್ಗು. ಅಲ್ಲೇ ಅವನ ಮೇಜು, ಅಲ್ಲೇ ಬಟ್ಟೆ ಗಂಟು, ಅಲ್ಲೇ ಹೊಟ್ಟೆಪಾಡು.

ಸೆಕ್ರೆಟರಿ ಅರ್ಧ ಮುಖಕ್ಕೆ ಟವಲ್ ಮುಚ್ಕೊಂಡು ಇಳಿದು ಬಂದರು. ಮೀಸೆಯ ಬಲಭಾಗ ಒಂಟಿಯಾಗಿ ನಡುಗ್ತಾ ಇತ್ತು.

"ಏನಯ್ಯಾ ಇದು?"

"ಇಸ್ತ್ರಿಪೆಟ್ಟಿಗೆ ಸಾರ್."

"ನಂಗೇನು ಕಣ್ಣಿಲ್ವಾ? ಕೆಂಡದ್ದು ಎಲ್ಲಿ ಹೋಯ್ತು?"

"ಅದನ್ನ ಗುಜರಿಗೆ ಹಾಕಿ ಇದನ್ನ ತಂದೆ ಸಾರ್. ಇದರಲ್ಲಿ ಹೊಗೆ ಇಲ್ಲ, ಬೂದಿ ಇಲ್ಲ, ಕಿಡಿ ಇಲ್ಲ..."

"ಮೀಸೆನೂ ಇಲ್ಲ!" ಅಂತ ಸೆಕ್ರೆಟರಿ ಟವಲ್ ಸರಿಸಿದರು.

ಗೆರೆಯಣ್ಣ ನೋಡಿದ. ನಗು ಬಂತು. ನಗು ಬಂದಿದ್ದಕ್ಕೆ ಹೆದರಿಕೆ ಆಯ್ತು. ಎರಡೂ ಒಟ್ಟಿಗೆ ಗಂಟಲಿಗೆ ಬಂದು ಬಿಕ್ಕಳಿಕೆ ಶುರುವಾಯ್ತು.

"ನಿನ್ನ ಕರೆಂಟ್ ಎಷ್ಟು?" ಅಂದರು ಸೆಕ್ರೆಟರಿ.

"ಎಲ್ರಿಗೂ ಬರೋಷ್ಟೇ ನಂಗೂ, ಹಿಕ್, ಬರುತ್ತೆ ಸಾರ್."

"ಅದಲ್ಲವೋ! ಪೆಟ್ಟಿಗೆ ಎಷ್ಟು ಕರೆಂಟ್ ಎಳಿಯುತ್ತೆ?"

"ಅದೇನೂ ಎಳಿಯಲ್ಲ ಸಾರ್. ನಾನೇ ಎಳೀಬೇಕು. ಮುಂದಕ್ಕೆ, ಹಿಂದಕ್ಕೆ."

ಸೆಕ್ರೆಟರಿ ಕಂಕುಳಿಂದ ನಿಯಮದ ಪುಸ್ತಕ ತೆಗೆದರು. ಕೈಬರಹದ ದಪ್ಪ ಪುಸ್ತಕ. "ಕೇಳು. ನಿಯಮ ಹದಿನಾಲ್ಕು. ಕಟ್ಟಡದ ಪ್ಲಗ್ಗಿಗೆ ಯಾವ ಯಂತ್ರ ಹಾಕಿದ್ರೂ ಅದರ ವೋಲ್ಟೇಜ್, ಕರೆಂಟ್, ರೋಧ, ಪವರ್ ನಾಲ್ಕನ್ನೂ ಬರೆದು ಕೊಡಬೇಕು. ಪವರ್ ಏಳ್ನೂರು ವಾಟ್ ದಾಟಕೂಡದು. ಸಂಜೆ ಐದಕ್ಕೆ ವರ್ಷದ ಮೀಟಿಂಗ್ ಇದೆ. ಅಷ್ಟರೊಳಗೆ ನಾಲ್ಕೂ ಬೋರ್ಡ್ ಮೇಲೆ ಬರೆದು ಹಾಕು. ಎಲ್ರೂ ನೋಡ್ಲಿ. ಒಂದು ತಪ್ಪಿದ್ರೂ ಪ್ಲಗ್ ಕಿತ್ತು ಕೈಗೆ ಕೊಡ್ತೀನಿ."

"ರೋಧ ಅಂದ್ರೆ ಏನು ಸಾರ್?"

ಸೆಕ್ರೆಟರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರು ಮಾಡೋ ಹಾಗೆ ಜೋರಾಗಿ "ಹೋಗಿ ತಿಳ್ಕೋ!" ಅಂದು ಮೇಲೆ ಹತ್ತಿದರು.

ಗೆರೆಯಣ್ಣ ಪೆಟ್ಟಿಗೆ ತಿರುಗಿಸಿ ಮುರುಗಿಸಿ ನೋಡಿದ. ಹಿಂದೆ ಒಂದು ತಗಡಿನ ಚೀಟಿ ಇತ್ತು, ಅದರ ಮೇಲಿನ ಅಕ್ಷರ ಹಳೇ ನಾಣ್ಯದ ಮುಖದ ಹಾಗೆ ಸವೆದು ಹೋಗಿತ್ತು. ಸೆಕೆಂಡ್ ಹ್ಯಾಂಡ್ ಮಾಲು. ಸರಿ, ಪಕ್ಕದ ಬೀದಿಗೆ ಓಡಿ ವೈರ್‌ಮ್ಯಾನ್‌ನ ಕರ್ಕೊಂಡು ಬಂದ.

ವೈರ್‌ಮ್ಯಾನ್ ಬಂದ. ಆ ಊರಿನಲ್ಲಿ ಅವನೊಬ್ಬನೇ, ಅವನಿಗೆ ಕಾಯ್ತಿದ್ದವರು ನಲವತ್ತು ಮನೆ. ಹಾಗಾಗಿ ಒಂದು ಕಾಲು ಇಲ್ಲಿಟ್ರೆ ಇನ್ನೊಂದು ಕಾಲು ಆಗಲೇ ಬಾಗಿಲ ಹೊರಗೆ. ಪ್ಲಗ್ಗಿನ ಹತ್ರ ಮೀಟರ್ ಹಿಡಿದ. "ವೋಲ್ಟೇಜ್, ಅಂದ್ರೆ ಕರೆಂಟಿನ ಒತ್ತಡ, ಇನ್ನೂರ ಮೂವತ್ತು." ಆಮೇಲೆ ಪೆಟ್ಟಿಗೆಯ ವೈರಿಗೆ ಸಿಕ್ಕಿಸಿದ. "ಕರೆಂಟ್ ಸೊನ್ನೆ."

"ಸೊನ್ನೆನಾ? ಮುಟ್ಟಿ ನೋಡಪ್ಪಾ, ಕಾದ ಕಾವಲಿ ಆಗಿದೆ."

"ಕಾದಿದ್ದಕ್ಕೇ ಸೊನ್ನೆ. ಸಾಕಷ್ಟು ಬಿಸಿ ಆದ್ರೆ ಅದೇ ಆಫ್ ಆಗುತ್ತೆ. ಆರೋವರೆಗೆ ಕಾಯ್ಬೇಕು."

ಇಬ್ಬರೂ ಪೆಟ್ಟಿಗೆ ಮುಂದೆ ಕುಕ್ಕುರುಗಾಲಲ್ಲಿ ಕೂತು, ಹಾಲು ಉಕ್ಕೋದನ್ನ ಕಾಯೋ ಹಾಗೆ ಕಾದರು. ಟಕ್ ಅಂತು. ಮೀಟರಿನ ಮುಳ್ಳು ಎದ್ದು ನಿಂತಿತು. "ಮೂರು. ಮೂರು ಆ್ಯಂಪ್. ಬರ್ಕೋ. ಗುಣಿಸಿದ್ರೆ ಪವರ್, ಅದು ವಾಟು. ಭಾಗಿಸಿದ್ರೆ ರೋಧ, ಅದು ಓಮು."

"ರೋಧ ಅಂದ್ರೆ?"

"ಒಳಗೆ ತಂತಿ ಇದೆಯಲ್ಲ, ಅದು ಕರೆಂಟನ್ನ ಸುಮ್ಮನೆ ಬಿಡಲ್ಲ. ಅಡ್ಡ ನಿಲ್ಲುತ್ತೆ, ತಳ್ಳುತ್ತೆ. ಆ ಜಗಳಕ್ಕೇ ಬಿಸಿ ಬರೋದು. ಬಿಸಿ ಏರಿದ ಹಾಗೆ ಅಡ್ಡಗಾಲು ಸ್ವಲ್ಪ ಜಾಸ್ತಿನೇ ಆಗುತ್ತೆ. ತಿಳೀತಾ?"

"ತಿಳೀತು," ಅಂದ ಗೆರೆಯಣ್ಣ. ಒಂದಕ್ಷರ ತಿಳಿದಿರಲಿಲ್ಲ. "ಬಲ್ಬು ಮಿಟುಕಿದ್ದು ಇದರಿಂದಲೇನಾ?"

"ಮೂರು ಆ್ಯಂಪಿಗೆ ಯಾವ ಬಲ್ಬು ಮಿಟುಕುತ್ತೆ? ಆ ಬಲ್ಬೇ ಸಡಿಲ ಇರ್ಬೇಕು. ನನ್ನ ಮಾತು ಯಾರು ಕೇಳ್ತಾರೆ ಬಿಡು," ಅಂತ ವೈರ್‌ಮ್ಯಾನ್ ಹೊರಟೇ ಹೋದ.

ಗೆರೆಯಣ್ಣ ಬಟ್ಟೆಗೆ ಕಟ್ಟೋ ಚೀಟಿಯ ಮೇಲೆ ಬರೆದುಕೊಂಡ: 230, 3. ಆಮೇಲೆ "ಗುಣಿಸಿದ್ರೆ ಪವರ್, ಭಾಗಿಸಿದ್ರೆ ರೋಧ, ಗುಣಿಸಿದ್ರೆ ಪವರ್, ಭಾಗಿಸಿದ್ರೆ ರೋಧ" ಅಂತ ಬಾಯಲ್ಲಿ ಹೇಳ್ಕೊಂಡು, ಬೊಗಸೆಯಲ್ಲಿ ನೀರು ಹೊತ್ತವನ ಹಾಗೆ ಮೆಟ್ಟಿಲು ಹತ್ತಿದ. ಅವನಿಗೆ ಕೂಡೋದು ಬೆರಳಿನಲ್ಲಿ ಬರ್ತಿತ್ತು. ಬೆರಳು ಮುಗಿದ ಮೇಲೆ ಪರರ ಸಹಾಯವೇ ಗತಿ.

ಮೊದಲನೇ ಮಹಡಿಯಲ್ಲಿ ಟೈಲರಮ್ಮ. ಹೊಲಿಗೆ ಮಷಿನ್ ತುಳೀತಾನೇ ಕತ್ತು ಚಾಚಿ, "ಏನಣ್ಣಾ, ಒಬ್ಬನೇ ಗೊಣಗಿಕೊಂಡು ಹೋಗ್ತಿದ್ದೀಯ? ಅತ್ತಿಗೆ ಬೈದ್ರಾ?" ಅಂದ್ಲು.

"ಇಲ್ಲಮ್ಮಾ. ಒಂದು ಲೆಕ್ಕ." ಚೀಟಿ ತೋರಿಸಿದ. ಬಾಯಿ ಬಿಟ್ಟಿದ್ದೇ ತಡ, ಬೊಗಸೆ ನೀರು ಅಷ್ಟೂ ಚೆಲ್ಲಿ ಹೋಯ್ತು. ಗುಣಿಸಿದ್ರೆ ಏನು, ಭಾಗಿಸಿದ್ರೆ ಏನು, ಒಂದೂ ನೆನಪಿಲ್ಲ.

ಟೈಲರಮ್ಮ ಚೀಟಿ ನೋಡಿ, "ಇಷ್ಟೇನಾ? ಇನ್ನೂರ ಮೂವತ್ತು ಅಳತೆ. ಮೂರು ಹೊಲಿಗೆಗೆ ಬಿಡೋದು. ಇನ್ನೂರ ಮೂವತ್ಮೂರು," ಅಂದ್ಲು.

"ಕೂಡೋದು ಅಂತ ಹೇಳಿದ ಹಾಗಿರಲಿಲ್ಲ ಅವನು..."

"ಕೂಡದೆ ಇನ್ನೇನು? ಅಳತೆಗೆ ಸರಿಯಾಗಿ ಕತ್ತರಿಸಿ ಆಮೇಲೆ ಬಿಗಿಯಾಯ್ತು ಅಂತ ಬಂದ್ರೆ ನಾನು ಜವಾಬ್ದಾರಿ ಅಲ್ಲಪ್ಪಾ."

ಅಷ್ಟರಲ್ಲಿ ಎದುರು ಮನೆಯಿಂದ ಕಿರಾಣಿ ಅಂಗಡಿಯವನು ಲುಂಗಿ ಎತ್ತಿ ಕಟ್ಟಿಕೊಂಡು ಬಂದ. ಅಂಕೆ ಅಂದ್ರೆ ಅವನಿಗೆ ಇರುವೆಗೆ ಬೆಲ್ಲ ಇದ್ದ ಹಾಗೆ. "ಎಲ್ಲಿ, ಎಲ್ಲಿ? ಇನ್ನೂರ ಮೂವತ್ತರ ಹಾಗೆ ಮೂರು ಕೇಜಿ. ಆರ್ನೂರ ತೊಂಬತ್ತು! ಯಾವ ಬೇಳೆ ಇದು? ಈ ರೇಟಿಗೆ ಕೊಟ್ಟೋರು ನಿಂಗೆ ಟೋಪಿ ಹಾಕಿದ್ದಾರೆ."

"ಬೇಳೆ ಅಲ್ಲಣ್ಣಾ, ಇಸ್ತ್ರಿಪೆಟ್ಟಿಗೆ."

"ಇಸ್ತ್ರಿಪೆಟ್ಟಿಗೇನ ಕೇಜಿ ಲೆಕ್ಕದಲ್ಲಿ ಕೊಟ್ರಾ?"

ಮೇಲಿನ ಮೆಟ್ಟಿಲಿಂದ ಕಾಂಪೌಂಡರ್ ಇಳಿದು ಬಂದ. ಆಸ್ಪತ್ರೆಯಲ್ಲಿ ಔಷಧಿ ಕೊಡೋನು, ನಿಧಾನದ ಮನುಷ್ಯ. ಚೀಟಿ ಕೈಗೆ ತಗೊಂಡು, ಕನ್ನಡಕ ಹಣೆಗೇರಿಸಿ, ದೂರ ಹಿಡಿದು, ಹತ್ರ ಹಿಡಿದು, "ಇನ್ನೂರ ಮೂವತ್ತು ಎಮ್ಮೆಲ್, ಮೂರು ಹೊತ್ತು," ಅಂದ. "ಒಂದೊಂದು ಹೊತ್ತಿಗೆ ಎಪ್ಪತ್ತಾರು ಚಿಲ್ಲರೆ. ಊಟ ಆದ ಮೇಲೆ ಕುಡೀಬೇಕು. ಬಾಟ್ಲಿ ಅಲ್ಲಾಡಿಸಿ."

"ಕುಡಿಯೋದಲ್ಲ ಕಾಂಪೌಂಡರ್ ಸಾರ್, ಇದು ಕರೆಂಟು."

"ಓ, ಕರೆಂಟ್ ಟ್ರೀಟ್‌ಮೆಂಟಾ? ಪಾಪ, ಯಾವಾಗಿಂದ ಹಿಂಗೆ?" ಅಂತ ಅವನ ಹೆಗಲು ತಟ್ಟಿದ.

ಮೂರೂ ಜನ ಮೆಟ್ಟಿಲ ಮೇಲೇ ಜಗಳಕ್ಕೆ ನಿಂತರು. ಕೂಡಬೇಕು ಅಂತ ಒಬ್ಬಳು, ಗುಣಿಸಬೇಕು ಅಂತ ಒಬ್ಬ, ಭಾಗಿಸಬೇಕು ಅಂತ ಇನ್ನೊಬ್ಬ. ಹೊಟ್ಟೆಪಾಡಿನ ಲೆಕ್ಕವೇ ಲೋಕದ ಲೆಕ್ಕ ಅಂತ ಮೂವರಿಗೂ ಖಾತ್ರಿ. ಗೆರೆಯಣ್ಣ ಮೆಲ್ಲಗೆ ಅವರ ಕಾಲ ಸಂದಿಯಿಂದ ಜಾರಿಕೊಂಡು ಮನೆಗೆ ಬಂದ. ಹೋಗುವಾಗ ಎರಡು ಅಂಕೆ ಇತ್ತು, ಬರುವಾಗ ಐದಾಗಿತ್ತು. ತಲೆ ಮಾತ್ರ ಗಿರಣಿ ಹಾಗೆ ಗರಗರ.

ಅವನ ಹೆಂಡತಿ ನಾಲ್ಕನೇ ಕ್ಲಾಸ್ ಪಾಸು. ಆ ಮನೆಯಲ್ಲಿ ಬರೆಯೋ ಕೆಲಸ ಏನಿದ್ರೂ ಅವಳದೇ. ಸೀಮೆಸುಣ್ಣ ಹಿಡ್ಕೊಂಡು ಕೂತು, "ಸರಿಯಾಗಿ ಹೇಳಿ. ಯಾವುದಕ್ಕೆ ಯಾವುದು?" ಅಂದ್ಲು.

"ಇನ್ನೂರ ಮೂವತ್ಮೂರು ಟೈಲರಮ್ಮನದು. ಆರ್ನೂರ ತೊಂಬತ್ತು ಅಂಗಡಿಯವನದು. ಎಪ್ಪತ್ತಾರು ಚಿಲ್ಲರೆ ಕಾಂಪೌಂಡರದು."

"ಅವರದೆಲ್ಲ ಯಾಕ್ರೀ ನಮಗೆ? ನಮ್ಮ ಪೆಟ್ಟಿಗೇದು ಯಾವುದು?"

"ಅದೇ ಗೊತ್ತಿಲ್ಲ ಕಣೇ. ಒಂದು ಪವರ್ರು. ಇನ್ನೊಂದು ಅದೇನೋ ರೋಧ."

"ರೋಧ? ರೋಧ ಅಂತ ಯಾವ ಮಾತಿದೆ? ವಿರೋಧ ಅಂದಿರ್ತಾನೆ. ನಿಮ್ಮ ಕಿವಿಗೆ ಅರ್ಧ ಬಿದ್ದಿದೆ."

ಗೆರೆಯಣ್ಣ ಯೋಚನೆ ಮಾಡಿದ. ತಂತಿ ಅಡ್ಡ ನಿಲ್ಲುತ್ತೆ ಅಂದಿದ್ದ, ಜಗಳ ಆಡುತ್ತೆ ಅಂದಿದ್ದ. "ಹೌದು ಹೌದು, ವಿರೋಧನೇ ಇರ್ಬೇಕು. ಅರ್ಜೆಂಟಲ್ಲಿ 'ವಿ' ನುಂಗಿಬಿಟ್ಟ."

"ಹಾಗಾದ್ರೆ ಸುಲಭ. ನಮ್ಮನೇನೇ ನೋಡಿ. ಪವರ್ ನಂದು, ವಿರೋಧ ನಿಮ್ದು. ಯಾವುದು ಜಾಸ್ತಿ?"

"ನಿಂದೇ."

"ಅಂದ್ಮೇಲೆ ಪವರ್ ಆರ್ನೂರ ತೊಂಬತ್ತು, ವಿರೋಧ ಎಪ್ಪತ್ತಾರು ಚಿಲ್ಲರೆ. ಟೈಲರಮ್ಮನದು ಅತ್ತ ಇಲ್ಲ ಇತ್ತ ಇಲ್ಲ, ಬಿಟ್ಬಿಡಿ."

ಕರೆಂಟಿನ ಓದಿನ ಗಂಧ ಇಲ್ಲದೆ ಉತ್ತರ ಮಾತ್ರ ಕರಾರುವಾಕ್ಕು! ಏಳ್ನೂರಕ್ಕೆ ಹತ್ತು ಕಮ್ಮಿ. ಪ್ಲಗ್ ಉಳಿದ ಹಾಗೇ. ಗೆರೆಯಣ್ಣನ ಬಿಕ್ಕಳಿಕೆ ಆಗ ನಿಂತಿತು.

ಇಬ್ಬರೂ ಹೋಗಿ ಬೋರ್ಡ್ ಮುಂದೆ ನಿಂತ್ರು. ಬೋರ್ಡಿನ ಮಧ್ಯದಲ್ಲಿ ಸೆಕ್ರೆಟರಿ ಸ್ವಂತ ಕೈಯಿಂದ ದಪ್ಪಕ್ಷರದಲ್ಲಿ ಬರೆದ ಕಾಗದ ಅಂಟಿಸಿತ್ತು: "ಇಂದು ಸಂಜೆ ಐದಕ್ಕೆ ಸಭೆ. ಮುಂದಿನ ವರ್ಷಕ್ಕೂ ಹಾಲಿ ಸೆಕ್ರೆಟರಿಯೇ ಮುಂದುವರಿಯುವರು." ಅದನ್ನ ಕೀಳೋ ಧೈರ್ಯ ಯಾರಿಗಿದೆ? ಮೇಲೆ ಒಂಚೂರು ಜಾಗ ಇತ್ತು, ಕೆಳಗೆ ಒಂಚೂರು. ಹೆಂಡತಿ ಮೇಲಿನ ಜಾಗದಲ್ಲಿ "ವೋಲ್ಟೇಜ್ 230, ಕರೆಂಟ್ 3" ಅಂತ ಬರೆದಳು. ಕೆಳಗಿನ ಜಾಗದಲ್ಲಿ "ವಿರೋಧ 76 ಚಿಲ್ಲರೆ. ಪವರ್ 690. ಇಂತಿ, ಗೆರೆಯಣ್ಣ."

"ವಾಟು, ಓಮು ಬರೀಬೇಕೇನೋ," ಅಂದ ಅವನು.

"ಜಾಗ ಎಲ್ಲಿದೆ? ಗೊತ್ತಿರೋರಿಗೆ ಗೊತ್ತಾಗುತ್ತೆ."

ಮಧ್ಯಾಹ್ನ ಊಟದ ಹೊತ್ತಿಗೆ ಮೊದಲು ಬೋರ್ಡ್ ಓದಿದವಳು ಟೈಲರಮ್ಮ. ಮೇಲಿಂದ ಓದಿದಳು. "ಕರೆಂಟ್ 3. ಅಯ್ಯೋ, ಮೂರು ಗಂಟೆಗೆ ಕರೆಂಟ್ ಹೋಗುತ್ತಂತೆ!" ಅಂತ ಕೂಗಿದಳು. ಆ ಕೂಗು ನಾಲ್ಕು ಮಹಡಿ ಹತ್ತಿ ಇಳಿಯೋಷ್ಟರಲ್ಲಿ ಮನೆಮನೆಯಲ್ಲೂ ಗಡಿಬಿಡಿ. ಹೋಗೋಕೆ ಮುಂಚೆ ಮುಗಿಸಿಬಿಡೋಣ ಅಂತ ಒಬ್ಬರು ಮಿಕ್ಸಿ ಹಾಕಿದ್ರು, ಒಬ್ಬರು ವಾಷಿಂಗ್ ಮಷಿನ್ ತಿರುಗಿಸಿದ್ರು, ಗೀಸರ್ ಹಾಕಿದೋರೆಷ್ಟೋ, ಯಾರೋ ಪುಣ್ಯಾತ್ಮರು ನೀರಿನ ಪಂಪೂ ಆನ್ ಮಾಡಿದ್ರು. ಕಟ್ಟಡ ಹೊರಡೋ ರೈಲಿನ ಹಾಗೆ ಗುಡುಗುಡು ಅಂತು. ಅಷ್ಟು ಭಾರ ಯಾವ ಫ್ಯೂಸ್ ತಡೆಯುತ್ತೆ? ಮೂರು ಹೊಡೆಯೋಕೂ ಢಬ್ ಅಂತ ಫ್ಯೂಸ್ ಹಾರೋಕೂ ಸರಿಹೋಯ್ತು.

"ನೋಡಿದ್ರಾ!" ಅಂದ ಕಿರಾಣಿಯವನು, ಮೆಟ್ಟಿಲ ಕತ್ತಲಲ್ಲಿ ನಿಂತು. "ಬೋರ್ಡಲ್ಲಿ ಮೂರು ಅಂತ ಬರೆದ, ಮೂರಕ್ಕೇ ಹೋಯ್ತು. ಗೆರೆಯಣ್ಣ ಬರೆದದ್ದು ಬರೆದ ಹಾಗೆ ಆಗುತ್ತೆ."

"ಕೆಳಗೆ ಇನ್ನೂ ಏನೋ ಬರೆದಿದ್ದಾನೆ," ಅಂದ ಕಾಂಪೌಂಡರ್.

ಮೇಣದ ಬತ್ತಿ ಹಿಡ್ಕೊಂಡು ಎಲ್ಲರೂ ಬೋರ್ಡಿಗೆ ಮುತ್ತಿಗೆ ಹಾಕಿದ್ರು. ಕಾಂಪೌಂಡರ್ ಔಷಧಿ ಚೀಟಿ ಓದೋ ಹಾಗೆ ನಿಧಾನಕ್ಕೆ ಓದಿದ. "ಹಾಲಿ ಸೆಕ್ರೆಟರಿಯೇ ಮುಂದುವರಿಯುವರು. ವಿರೋಧ, ಎಪ್ಪತ್ತಾರು ಚಿಲ್ಲರೆ."

ಹನ್ನೊಂದು ವರ್ಷದಲ್ಲಿ ಆ ಎರಡು ಮಾತು ಒಂದರ ಪಕ್ಕ ಒಂದು ಬಂದಿರಲಿಲ್ಲ.

"ಎಪ್ಪತ್ತಾರಾ?" ಅಂದ್ಲು ಟೈಲರಮ್ಮ ಪಿಸುದನಿಯಲ್ಲಿ. "ನಾನೊಬ್ಬಳೇ ಅಂದ್ಕೊಂಡಿದ್ದೆ!"

"ನಾನೂ ನಾನೊಬ್ಬನೇ ಅಂದ್ಕೊಂಡಿದ್ದೆ," ಅಂದ ಕಿರಾಣಿಯವನು. ಆಮೇಲೆ ಅವನಿಗೆ ಲೆಕ್ಕ ಕಾಡಿತು. "ಅಲ್ಲ, ಕಟ್ಟಡದಲ್ಲಿ ದೊಡ್ಡೋರು ನಲವತ್ತೇ ಜನ. ಎಪ್ಪತ್ತಾರು ಹೇಗೆ?"

"ಕೆಲವರು ಎರಡೆರಡು ಸಲ ವಿರೋಧಿಸಿರ್ತಾರೆ. ನಾನಂತೂ ಎರಡು ಸಲ ವಿರೋಧಿಸ್ತೀನಪ್ಪಾ, ನನ್ನ ಬಟ್ಟೆ ತಂತಿ ಕಟ್ಟೋಕೆ ಬಿಡ್ಲಿಲ್ಲ ಅವರು."

"ಮತ್ತೆ ಈ ಚಿಲ್ಲರೆ?"

"ಮಕ್ಕಳು ಮರಿ ಇರ್ಬೇಕು."

ಅಲ್ಲಿವರೆಗೆ ಇಲಿ ಹಾಗೆ ಇದ್ದವರೆಲ್ಲ ಎಪ್ಪತ್ತಾರು ಅನ್ನೋ ಅಂಕೆ ಕಂಡ ಕೂಡಲೇ ಹುಲಿ ಆದ್ರು. ಕೆಳಗಡೆ ಮೆಟ್ಟಿಲ ಅಡಿಯಲ್ಲಿ ಗೆರೆಯಣ್ಣನಿಗೆ ಇದೊಂದೂ ಗೊತ್ತಿಲ್ಲ. ಕರೆಂಟ್ ಬರೋವರೆಗೆ ಬಟ್ಟೆ ಮಡಚೋಣ ಅಂತ ಮಡಚ್ತಾ ಕೂತಿದ್ದ. ದಾಟಿ ಹೋದವರೆಲ್ಲ ಅವನ ಕೈ ಹಿಡಿದು ಕುಲುಕಿ, ಕಣ್ಣು ಹೊಡೆದು ಹೋಗ್ತಿದ್ರು. "ನಾವಿದ್ದೀವಿ ಅಣ್ಣಾ, ಹೆದರ್ಬೇಡ." ಇಸ್ತ್ರಿಪೆಟ್ಟಿಗೆ ಮೇಲೆ ಜನಕ್ಕೆ ಇಷ್ಟೊಂದು ಪ್ರೀತಿನಾ ಅಂತ ಅವನಿಗೆ ಕಣ್ಣು ತುಂಬಿ ಬಂತು.

ನಾಲ್ಕು ಗಂಟೆಗೆ ಒಬ್ಬ ಬೋಳು ಮುಖದ ಮನುಷ್ಯ ಬಂದು ಮೇಜಿನ ಮುಂದೆ ನಿಂತ.

"ಯಾರು ಬೇಕಿತ್ತು ಸ್ವಾಮಿ?" ಅಂದ ಗೆರೆಯಣ್ಣ.

"ನಾನಯ್ಯಾ, ಸೆಕ್ರೆಟರಿ."

ಒಂದು ಕಡೆ ಹೋದ ಮೇಲೆ ಇನ್ನೊಂದು ಕಡೆ ಇಟ್ಕೊಂಡು ಏನು ಮಾಡೋದು ಅಂತ ಅದನ್ನೂ ತೆಗೆಸಿಬಿಟ್ಟಿದ್ರು. ಮೀಸೆ ಇಲ್ಲದ ಆ ಮುಖ ಸಿಪ್ಪೆ ಸುಲಿದ ಆಲೂಗಡ್ಡೆ ಥರ ಇತ್ತು. ದನಿ ಕೂಡ ಅರ್ಧ ಇಳಿದಿತ್ತು.

"ಬೋರ್ಡ್ ನೋಡಿದೆ," ಅಂದರು.

"ಸರಿ ಇದೆಯಾ ಸಾರ್?"

"ಎಪ್ಪತ್ತಾರು... ಅಷ್ಟೊಂದು ಇದೆಯೇನಯ್ಯಾ ವಿರೋಧ?"

"ಇದೆ ಸಾರ್. ಮೇಲೆ ಚಿಲ್ಲರೆನೂ ಇದೆ. ಮೀಟರ್ ಹಿಡಿದು ನೋಡಿದ್ದು."

"ಮೀಟರ್ ಹಿಡಿದ್ರಾ!" ಸೆಕ್ರೆಟರಿ ಕುರ್ಚಿ ಹುಡುಕಿ ಕೂತರು. "ಸ್ವಲ್ಪ ಕಮ್ಮಿ ಮಾಡೋಕೆ ಆಗಲ್ವಾ? ನಿನ್ನ ಕೈಲಿದೆಯಲ್ಲ ಎಲ್ಲ."

"ನನ್ನ ಕೈಲೇನಿದೆ ಸಾರ್? ಎಲ್ಲ ಒಳಗಿನ ತಂತಿಯ ಕೆಲಸ."

"ಒಳಗಿಂದ ತಂತಿ ಎಳೀತಿರೋರು ಇದ್ದಾರೆ ಅನ್ನು! ಯಾರದು?"

"ಕಣ್ಣಿಗೆ ಕಾಣಲ್ಲ ಸಾರ್. ಬಿಚ್ಚಿ ನೋಡ್ಬೇಕು. ಮುಟ್ಟೋಕೆ ಹೋದ್ರೆ ಶಾಕ್ ಹೊಡೆಯುತ್ತೆ."

ಸೆಕ್ರೆಟರಿ ಹಣೆ ಒರೆಸ್ಕೊಂಡ್ರು. "ಹೋಗ್ಲಿ, ಮೀಟಿಂಗ್ ಹೊತ್ತಿಗೆ ತಣ್ಣಗಾಗಬಹುದಾ?"

"ಈಗಲೇ ತಣ್ಣಗಿದೆ ಸಾರ್. ಬಿಸಿ ಏರಿದ್ರೆ ಇನ್ನೂ ಜಾಸ್ತಿ ಆಗುತ್ತಂತೆ ವಿರೋಧ."

"ಇದು ತಣ್ಣಗಿರೋ ಲೆಕ್ಕಾನಾ?" ಸೆಕ್ರೆಟರಿ ದನಿ ಕೀರಲಾಯ್ತು. ಹತ್ರ ಬಗ್ಗಿ, "ನೋಡಯ್ಯಾ, ನಿಂಗೆ ಪ್ಲಗ್ ಬೇಕು ತಾನೆ? ಇಟ್ಕೋ. ನೂರು ವರ್ಷ ಇಟ್ಕೋ. ಆ ಒಂದು ಸಾಲು ಒರೆಸಿಬಿಡು. ಸಾಕು," ಅಂದರು.

ಯಾಕೆ, ಏನು, ಒಂದೂ ಅರ್ಥ ಆಗಲಿಲ್ಲ. ಆದ್ರೆ ಪ್ಲಗ್ ಸಿಕ್ತು ಅನ್ನೋದು ಅರ್ಥ ಆಯ್ತು. ಗೆರೆಯಣ್ಣ ಒದ್ದೆ ಬಟ್ಟೆ ತಗೊಂಡು ಬೋರ್ಡಿಗೆ ಓಡಿದ. ಕೈ ಎತ್ತಿದ್ದೇ ತಡ, ಟೈಲರಮ್ಮ ಬಂದು ಬಟ್ಟೆ ಕಿತ್ಕೊಂಡ್ಲು.

"ಒರೆಸ್ತೀಯಾ ಅಣ್ಣಾ? ಒತ್ತಡ ಹಾಕಿದ್ರಾ ನಿನ್ನ ಮೇಲೆ?"

"ಒತ್ತಡ ಇನ್ನೂರ ಮೂವತ್ತೇ ಅಮ್ಮಾ. ಮೇಲೆ ಬರೆದಿದೆಯಲ್ಲ, ವೋಲ್ಟೇಜ್ ಅಂತ. ಈ ಕೆಳಗಿನ ಸಾಲು ಬೇಡ್ವಂತೆ."

"ಇನ್ನೂರ ಮೂವತ್ತು ಸಲ ಒತ್ತಡ ಹಾಕಿದ್ರಂತೆ ಕೇಳ್ರಪ್ಪೋ!" ಅಂತ ಅವಳು ಮೆಟ್ಟಿಲ ಕಡೆ ಮುಖ ಮಾಡಿ ಕೂಗಿದಳು. ಆ ಕೂಗಿಗೆ ಮಲಗಿದ್ದವರೂ ಎದ್ದು ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಬಂದ್ರು.

ಐದಕ್ಕೆ ಮೀಟಿಂಗ್. ಯಾವತ್ತೂ ಏಳೆಂಟು ಜನ ಬಂದು ಆಕಳಿಸಿ ಹೋಗೋ ಮೀಟಿಂಗಿಗೆ, ಷರ್ಟು ಮಡಚ್ತಾ ಕೋಣೆಯಲ್ಲೇ ಉಳಿದ ಗೆರೆಯಣ್ಣನ ಹೆಂಡತಿ ಬಿಟ್ರೆ, ಎಲ್ಲರೂ ಬಂದಿದ್ರು. ಫ್ಯೂಸ್ ಹಾಕೋಕೆ ಬಂದ ವೈರ್‌ಮ್ಯಾನ್ ಕೂಡ ಏಣಿ ಮೇಲಿಂದ ನೋಡ್ತಿದ್ದ. ಸೆಕ್ರೆಟರಿ ಎದ್ದು ನಿಂತ್ರು. ಮೀಸೆ ತಿರುವೋಣ ಅಂತ ಕೈ ಹೋಯ್ತು, ಅಲ್ಲಿ ಏನೂ ಸಿಗದೆ ಕೈ ಗಾಳಿಯಲ್ಲೇ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ ಅಂದ್ರು. ಹನ್ನೊಂದು ವರ್ಷದ ಭಯ ಆ ಒಂದು ಕಿಸಕ್‌ನಲ್ಲಿ ಹೋಯ್ತು.

"ಟಿಕೆಟ್ ಇಲ್ಲದವರ ಬೋಗಿಯಲ್ಲಿ ನಾನಿರಲ್ಲ!" ಅಂದರು ಸೆಕ್ರೆಟರಿ. "ಎಪ್ಪತ್ತಾರು ವಿರೋಧ ಇಟ್ಕೊಂಡು ಯಾವ ಮರ್ಯಾದಸ್ಥ ಮುಂದುವರಿತಾನೆ? ತಗೊಳ್ಳಿ ನಿಮ್ಮ ಸೆಕ್ರೆಟರಿಗಿರಿ."

ಚಪ್ಪಾಳೆಯೋ ಚಪ್ಪಾಳೆ. ಚಪ್ಪಾಳೆ ನಿಂತ ಮೇಲೆ ಎಲ್ಲರಿಗೂ ಒಟ್ಟಿಗೇ ಒಂದು ವಿಷಯ ಹೊಳೀತು. ಹಾಗಾದ್ರೆ ಮುಂದೆ ಯಾರು? ಕಟ್ಟಿದ ಮೋರಿ, ಸೋರೋ ಟ್ಯಾಂಕು, ಬಾರದ ಕಸದ ಗಾಡಿ, ಎಲ್ಲ ಇನ್ನು ಯಾರ ತಲೆಗೆ? ಒಬ್ಬ ಆಕಾಶ ನೋಡಿದ, ಒಬ್ಬ ಉಗುರು ನೋಡಿದ. ಟೈಲರಮ್ಮ ಇಲ್ಲದ ದಾರ ಹಲ್ಲಲ್ಲಿ ಕಡಿದಳು.

"ಬೋರ್ಡ್ ಮೇಲೇ ಇದೆಯಲ್ರೀ!" ಅಂದ ಕಿರಾಣಿಯವನು. "ಪವರ್ ಆರ್ನೂರ ತೊಂಬತ್ತು, ಇಂತಿ ಗೆರೆಯಣ್ಣ. ಪವರ್ ಯಾರಿಗೆ ಅಂತ ಬರೆದೇ ಬಿಟ್ಟಿದ್ದಾನೆ. ಅವನು ಬರೆದದ್ದು ಆಗದೆ ಇರುತ್ತಾ?"

"ಅದು ನಂದಲ್ಲ, ಪೆಟ್ಟಿಗೇದು!" ಅಂದ ಗೆರೆಯಣ್ಣ.

"ಎಂಥ ದೊಡ್ಡ ಮನಸ್ಸು ನೋಡಿ. ನಂದಲ್ಲ ಅಂತಾನೆ," ಅಂದ ಕಾಂಪೌಂಡರ್. "ಇವನಿಗೆ ಯಾರದಾದ್ರೂ ವಿರೋಧ ಇದೆಯಾ?"

ಒಂದು ಕೈ ಮೇಲೆ ಏಳಲಿಲ್ಲ. ಗೆರೆಯಣ್ಣನದೊಂದು ಎದ್ದಿತ್ತು, ಅದನ್ನ ನಮಸ್ಕಾರಕ್ಕೆ ಎತ್ತಿದ್ದು ಅಂತ ಹಿಡಿದು ಕುಲುಕಿಬಿಟ್ರು.

"ವಿರೋಧ ಸೊನ್ನೆ!" ಅಂತ ಕಿರಾಣಿಯವನು ಘೋಷಣೆ ಮಾಡಿದ.

ಏಣಿ ಮೇಲಿದ್ದ ವೈರ್‌ಮ್ಯಾನ್ ತಲೆ ಅಲ್ಲಾಡಿಸಿದ. "ಸೊನ್ನೆ ಆಗ್ಬಾರ್ದು ಕಣಣ್ಣಾ. ಅಡ್ಡ ನಿಲ್ಲೋರು ಯಾರೂ ಇಲ್ಲ ಅಂದ್ರೆ ಶಾರ್ಟ್ ಆಗಿ ಸುಟ್ಟೇ ಹೋಗುತ್ತೆ," ಅಂದ. ಅವನ ಮಾತು ಯಾರು ಕೇಳ್ತಾರೆ? ಫ್ಯೂಸ್ ಒತ್ತಿದ. ನಾಲ್ಕು ಮಹಡಿಯಲ್ಲೂ ಝಗ್ ಅಂತ ಲೈಟ್ ಬಂತು. ಜೈಕಾರ ಹಾಕ್ತಾ, ಮತ್ತೊಂದು ಕೆಲಸ ತಮ್ಮ ಕೊರಳಿಗೆ ಬೀಳೋಕೆ ಮುಂಚೆ ಎಲ್ಲರೂ ಮೆಟ್ಟಿಲು ಹತ್ತಿ ಬಾಗಿಲು ಹಾಕ್ಕೊಂಡ್ರು.

ಅಂಗಳದಲ್ಲಿ ಉಳಿದವರು ಇಬ್ಬರೇ. ಹಳೇ ಸೆಕ್ರೆಟರಿ ನಿಯಮದ ಪುಸ್ತಕ ಕೈಗೆ ಕೊಟ್ಟು, ಇಡೀ ದಿನದಲ್ಲಿ ಮೊದಲನೇ ಸಲ ನಕ್ಕರು.

"ನಿಯಮ ಮೂವತ್ತೊಂದು ಓದಯ್ಯಾ. ಬೇಡ, ನಾನೇ ಹೇಳ್ತೀನಿ. ಸೆಕ್ರೆಟರಿಯಾದವರು ಕಟ್ಟಡದ ಪ್ಲಗ್ಗಿನಲ್ಲಿ ಸ್ವಂತ ಕಸುಬು ಮಾಡಕೂಡದು. ನನಗಿಂತ ಹಿಂದಿನವನು ಪಂಕ್ಚರ್ ಅಂಗಡಿ ಇಟ್ಟಿದ್ದ, ಅವನನ್ನ ಇಳಿಸೋಕೆ ನಾನೇ ಬರೆದಿದ್ದು."

ಗೆರೆಯಣ್ಣ ಪುಸ್ತಕ ವಾಪಸ್ ಚಾಚಿದ. "ಸಾರ್, ನಂಗೆ ಬೇಡ ಇದು. ರಾಜೀನಾಮೆ ಕೊಡ್ತೀನಿ."

"ಕೊಡು. ಸಭೆ ಮುಂದೆ ಕೊಡ್ಬೇಕು."

"ಸಭೆ ಯಾವಾಗ?"

"ವರ್ಷಕ್ಕೊಂದು. ಮುಂದಿನ ವರ್ಷ ಇದೇ ತಿಂಗಳು, ಸಂಜೆ ಐದಕ್ಕೆ."

ವೈರ್‌ಮ್ಯಾನ್ ಏಣಿ ಇಳಿದು ಬಂದಿದ್ದ, ಒಂದು ಕಾಲು ಆಗಲೇ ಬಾಗಿಲ ಹೊರಗಿತ್ತು. "ಪ್ಲಗ್ ಕೀಳೋದಿದ್ರೆ ಈಗಲೇ ಹೇಳ್ರಪ್ಪಾ, ಆಮೇಲೆ ಬರೋಕಾಗಲ್ಲ. ಸೆಕ್ರೆಟರಿ ಸೈನ್ ಬೇಕು ನಂಗೆ."

ಹಳೇ ಸೆಕ್ರೆಟರಿ ಪೆನ್ ತೆಗೆದು, ಕ್ಯಾಪ್ ಬಿಚ್ಚಿ, ಮರ್ಯಾದೆಯಿಂದ ಎರಡೂ ಕೈಲಿ ಹಿಡಿದರು. "ತಗೊಳ್ಳಿ ಸಾರ್," ಅಂದರು. ಗೆರೆಯಣ್ಣನಿಗೆ ಹುಟ್ಟಿದ ಮೇಲೆ ಯಾರೂ ಸಾರ್ ಅಂದಿರಲಿಲ್ಲ. ಆ ಗಾಬರಿಯಲ್ಲೇ ಸೈನ್ ಮಾಡಿಬಿಟ್ಟ.

ಕೋಣೆಯ ಬಾಗಿಲಲ್ಲಿ ಹೆಂಡತಿ ಕಾಯ್ತಾ ಇದ್ಲು. ಮೇಲಿನ ಮಹಡಿಗಳಲ್ಲೆಲ್ಲ ಲೈಟು, ಫ್ಯಾನು, ಮಿಕ್ಸಿ.

"ಏನ್ರೀ ಅಷ್ಟೊಂದು ಜೈಕಾರ? ನಮ್ಮ ಲೆಕ್ಕ ಸರಿ ಬಂತಾ?"

"ಸರಿ ಬಂತು ಕಣೇ. ಪವರ್ ಬಂತು."

"ಅಬ್ಬಾ! ಹಾಗಾದ್ರೆ ಪೆಟ್ಟಿಗೆ ಸ್ವಿಚ್ ಹಾಕ್ಲಾ? ಐದಾರು ಷರ್ಟು ಬಾಕಿ ಇದೆ."

ಗೆರೆಯಣ್ಣ ಅಂಗೈ ಬಿಚ್ಚಿ, ಎರಡು ತಂತಿ ಜೋತಾಡ್ತಿದ್ದ ಪ್ಲಗ್ಗನ್ನ ತೋರಿಸಿದ.

"ಬೇಡ. ಕರೆಂಟ್ ಹೋಯ್ತು."